ಎರವಲು ಕನ್ನಡಕದಲ್ಲಿ ಕಂಡ ಬೆಸುಗೆ

ವೆಲ್ಡಿಂಗ್ ಮಾಡುವವನಿಗೆ ಕಣ್ಣು ಕಾಣದಿದ್ದರೂ ಬಹಳ ಕಾಲ ಯಾರಿಗೂ ಗೊತ್ತಾಗುವುದಿಲ್ಲ. ಅವನಿಗೂ ಗೊತ್ತಾಗುವುದಿಲ್ಲ. ಕಾಣದಿರುವುದು ಆ ಕೆಲಸದ ಒಂದು ಭಾಗವೇ. ಕೈಯಲ್ಲಿ ಹಿಡಿಯುವ ಶೀಲ್ಡಿನ ನಡುವೆ ಒಂದು ಕಪ್ಪು ಗಾಜು ಇರುತ್ತದೆ. ಅದನ್ನು ಮುಖಕ್ಕೆ ಅಡ್ಡ ಹಿಡಿದರೆ ಹಾಡುಹಗಲೇ ಅಮಾವಾಸ್ಯೆ. ವೆಲ್ಡಿಂಗ್ ರಾಡಿನ ತುದಿ ಕಬ್ಬಿಣಕ್ಕೆ ತಾಗಿ ಬೆಂಕಿ ಹೊತ್ತಿದ ಮೇಲೆ ಮಾತ್ರ ಆ ಕತ್ತಲೆಯಲ್ಲಿ ಕಡಲೆಕಾಳಿನಷ್ಟು ಜಾಗ ಬೆಳಗುತ್ತದೆ. ಅಲ್ಲಿ ಕರಗಿದ ಕಬ್ಬಿಣ ಮಿಸುಕಾಡುತ್ತಿರುತ್ತದೆ. ಅದರ ಅಂಚನ್ನೂ ಎರಡು ತುಂಡುಗಳ ನಡುವಿನ ಗೆರೆಯನ್ನೂ ನೋಡಿಕೊಂಡು ಕೈ ನಡೆಸಬೇಕು. ಅಷ್ಟು ಕಂಡರೆ ಸಾಕು, ಲೋಕದಲ್ಲಿ ಬೇರೇನೂ ಕಾಣದಿದ್ದರೂ ಹೊಟ್ಟೆಪಾಡು ನಡೆಯುತ್ತದೆ. ನನಗೆ ಅಷ್ಟೂ ಕಾಣದಂತಾಯಿತು.

ನಾನು ಬಾಗಲಕೋಟೆ ಕಡೆಯವನು. ಅರವತ್ತರ ದಶಕದ ಕೊನೆಗೆ ಮುಂಬಯಿಯ ಜೋಗೇಶ್ವರಿಯ ಒಂದು ತಗಡಿನ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತೆ. ಕಿಟಕಿಯ ಗ್ರಿಲ್ಲು, ಗೇಟು, ಬಾಲ್ಕನಿಯ ಕಂಬಿ, ನೀರಿನ ಟಾಕಿಯ ಸ್ಟ್ಯಾಂಡು ಇಂಥವನ್ನೆಲ್ಲ ಮಾಡುವ ಶೆಡ್ಡು. ಅದರ ಮಾಲೀಕರು ಕುಂದಾಪುರ ಕಡೆಯವರು. ಹೋಟೆಲಿನಲ್ಲಿ ಕೆಲಸ ಮಾಡಲೆಂದು ಮುಂಬಯಿಗೆ ಬಂದು, ದೋಸೆಯ ಹೊಗೆಗೆ ಸೀನು ಬರುತ್ತದೆ ಎಂದು ಬಿಟ್ಟು, ಕಬ್ಬಿಣದ ಹೊಗೆಯಲ್ಲಿ ನೆಮ್ಮದಿ ಕಂಡುಕೊಂಡವರು. ಇಬ್ಬರದೂ ಕನ್ನಡವೇ ಆದರೂ ಮೊದಲ ತಿಂಗಳು ನಾವು ಹಿಂದಿಯಲ್ಲಿ ಮಾತಾಡಿಕೊಂಡಿದ್ದೇ ಹೆಚ್ಚು. ಮೊದಲ ದಿನ ನಾನು ಒಂದು ಕಂಬಿ ಹಿಡಿದುಕೊಂಡು, "ಮಾಲಕ್ರ, ಇದನ್ನ ಗೇಟಿಗೆ ಹಚ್ಚಲೇನ್ರಿ?" ಎಂದು ಕೇಳಿದ್ದೆ. ಅವರು ತಲೆಯಿಂದ ಕಾಲಿನವರೆಗೆ ನನ್ನನ್ನು ನೋಡಿ, "ಹಚ್ಚಲಿಕ್ಕೆ ಅದೆಂತ ಬೆಂಡೆಕಾಯಿಯಾ ಮಾರಾಯ?" ಎಂದರು. ಅವರ ಕಡೆ ಹಚ್ಚುವುದೆಂದರೆ ತರಕಾರಿ ಕೊಯ್ಯುವುದು. ಜೋಡಿಸುವುದಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆಂದು ತಿಳಿಸಿ ಹೇಳುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿತ್ತು.

ನಾನಿದ್ದದ್ದು ಪರೇಲಿನಲ್ಲಿ, ಒಂದೊಂದೇ ಕೋಣೆಯ ಮನೆಗಳು ಸಾಲಾಗಿದ್ದ ಒಂದು ಚಾಳಿನಲ್ಲಿ. ನನ್ನ ಹೆಂಡತಿಯ ತವರಿನವರು ಅಲ್ಲಿನ ಮಿಲ್ಲುಗಳಲ್ಲಿದ್ದರು, ಹಾಗಾಗಿ ಅಲ್ಲೇ ಒಂದು ಖೋಲಿ ಸಿಕ್ಕಿತ್ತು. ಬೆಳಿಗ್ಗೆ ಲೋಕಲ್ ಹಿಡಿದು ಜೋಗೇಶ್ವರಿಗೆ ಹೋಗುವುದು, ಸಂಜೆ ಮೈಯೆಲ್ಲ ಕಬ್ಬಿಣದ ವಾಸನೆ ಹೊತ್ತು ತಿರುಗಿ ಬರುವುದು. ಆ ವಾಸನೆಯಿಂದ ಒಂದು ಲಾಭವಿತ್ತು. ಎಷ್ಟೇ ಗರ್ದಿ ಇದ್ದರೂ ರೈಲಿನ ಡಬ್ಬಿಯಲ್ಲಿ ನನ್ನ ಸುತ್ತ ಸ್ವಲ್ಪ ಜಾಗ ಇರುತ್ತಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ, ನನಗೆ ನಲವತ್ತು ದಾಟಿದ ಮೇಲೆ, ಸಂದಿಯ ಗೆರೆ ನನ್ನ ಜೊತೆ ಆಟ ಆಡಲು ಶುರುಮಾಡಿತು. ಇಲ್ಲಿದೆ ಎಂದು ರಾಡ್ ಇಟ್ಟರೆ ಅಲ್ಲಿರುತ್ತಿತ್ತು. ಬೆಸುಗೆ ಆರಿದ ಮೇಲೆ ಮೇಲಿನ ಕರಿ ಚಿಪ್ಪನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸಿ ನೋಡಿದರೆ ಬೆಸುಗೆಯೇನೋ ಸಾಲಾಗಿ, ನೀಟಾಗಿ ಕೂತಿರುತ್ತಿತ್ತು, ಆದರೆ ಸಂದಿಯ ಪಕ್ಕದಲ್ಲಿ. ಎರಡು ತುಂಡುಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಎತ್ತಿದರೆ ಒಂದು ಕೈಯಲ್ಲಿ ಬರುತ್ತಿತ್ತು, ಇನ್ನೊಂದು ಕಾಲಿನ ಮೇಲೆ ಬೀಳುತ್ತಿತ್ತು.

ಮಾಲೀಕರು ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿ ಹೇಳಿದರು, "ಬೆಸುಗೆ ಚಂದ ಉಂಟು. ಆದ್ರೆ ಅದರ ಮನೆಯಲ್ಲಿ ಇಲ್ಲ ಮಾರಾಯ. ಪಕ್ಕದ ಮನೆಯಲ್ಲಿ ಉಂಟು."

"ರಾಡ್ ಹಸಿ ಆಗ್ಯಾವ್ರಿ," ಎಂದೆ.

ರಾಡುಗಳನ್ನು ಬಿಸಿಲಿಗೆ ಹಾಕಿದ್ದಾಯಿತು. ಒಣಗಿದ ರಾಡೂ ಪಕ್ಕದ ಮನೆಗೇ ಹೋಯಿತು. ಆಮೇಲೆ ಕರೆಂಟು ಸರಿಯಿಲ್ಲ ಎಂದೆ. ಎದುರಿನ ಶೆಡ್ಡಿನವರು ದೊಡ್ಡ ಮೋಟರು ಹಾಕಿದ್ದಕ್ಕೆ ನಮ್ಮ ಕರೆಂಟು ಎಳೆಯುತ್ತಿದೆ ಎಂದು ಮಾಲೀಕರನ್ನು ಅವರ ಜೊತೆ ಜಗಳಕ್ಕೆ ಕಳಿಸಿದೆ. ಅವರು ಜಗಳ ಮಾಡಿ, ಚಹಾ ಕುಡಿದು, ಸ್ನೇಹ ಬೆಳೆಸಿಕೊಂಡು ಬಂದರು. ನನ್ನ ಬೆಸುಗೆ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಉಳಿದದ್ದು ಗಾಜು. ಕಂಪನಿಯವರು ಈಗೀಗ ಗಾಜನ್ನು ಮೊದಲಿಗಿಂತ ಕಪ್ಪು ಮಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಗಿ ಅನಿಸಿತು. ಅದೇ ರಸ್ತೆಯ ಇನ್ನೊಂದು ಶೆಡ್ಡಿನವನ ಹತ್ತಿರ ಹಳೆಯದೊಂದು ತೆಳು ಬಣ್ಣದ ಗಾಜು ಇತ್ತು. ಅದನ್ನು ಇಸಿದುಕೊಂಡು ಬಂದು ಶೀಲ್ಡಿಗೆ ಕೂರಿಸಿದೆ. ಎಲ್ಲ ಬೆಳ್ಳಗೆ ಕಂಡಿತು. ಸ್ಪಷ್ಟವಾಗಿ ಕಂಡಿತು ಎಂದು ಹೇಳಲಾರೆ, ಬೆಳ್ಳಗೆ ಕಂಡಿತು. ಇಡೀ ದಿನ ಖುಷಿಯಿಂದ ಕೆಲಸ ಮಾಡಿದೆ.

ಮರುದಿನ ಬೆಳಿಗ್ಗೆ ಕಣ್ಣು ಬಿಡಲು ಹೋದರೆ ರೆಪ್ಪೆಯೊಳಗೆ ಯಾರೋ ಒಂದು ಹಿಡಿ ಮರಳು ಸುರಿದಂತೆ ಉರಿ. ಕೊಡದಿಂದ ಸುರಿದ ಹಾಗೆ ನೀರು. ಬೆಸುಗೆಯ ಬೆಳಕು ಕಣ್ಣಿಗೆ ಹೊಡೆದರೆ ಹೀಗೇ. ಇದಕ್ಕೆ ನಮ್ಮ ಕೆಲಸದವರೆಲ್ಲ ಮಾಡುವ ಮದ್ದು ಒಂದೇ, ಹಸಿ ಆಲೂಗಡ್ಡೆಯ ಬಿಲ್ಲೆ. ಹೆಂಡತಿ ಎರಡು ಬಿಲ್ಲೆ ಕೊಯ್ದು ಕಣ್ಣ ಮೇಲಿಟ್ಟು, ನನ್ನನ್ನು ಖೋಲಿಯ ಬಾಗಿಲ ಹತ್ತಿರ ಗಾಳಿಗೆ ಮಲಗಿಸಿ, ನೀರು ಹಿಡಿಯಲು ನಳಕ್ಕೆ ಹೋದಳು.

ಚಾಳಿನಲ್ಲಿ ಬಾಗಿಲ ಹತ್ತಿರ ಮಲಗುವುದೆಂದರೆ ರಸ್ತೆಯಲ್ಲಿ ಮಲಗಿದಂತೆಯೇ. ಬಾಗಿಲ ಮುಂದಿನ ಗ್ಯಾಲರಿಯಲ್ಲಿ ಹೋಗುವವರೆಲ್ಲ ಒಂದು ಕ್ಷಣ ನಿಂತು ನೋಡಿಯೇ ಮುಂದೆ ಹೋಗಬೇಕು. ನಾನು ಬೆಳಕು ಬೀಳದಿರಲಿ ಎಂದು ಮುಖ ಮುಚ್ಚುವಂತೆ ಬಿಳಿ ಚಾದರ ಎಳೆದುಕೊಂಡು, ಕೈಗಳನ್ನು ಎದೆಯ ಮೇಲಿಟ್ಟುಕೊಂಡು, ಅಲ್ಲಾಡಿದರೆ ಬಿಲ್ಲೆ ಜಾರುತ್ತದೆ ಎಂದು ಅಲ್ಲಾಡದೆ ಮಲಗಿದ್ದೆ. ಕೊನೆಯ ಖೋಲಿಯ ಮರಾಠಿ ಅಜ್ಜಿ ಬಂದು ನೋಡಿದಳು. ಅವಳ ಕೂಗಿಗೆ ಮೂರು ಮಾಳಿಗೆಯವರೂ ಓಡಿ ಬಂದರು. ಯಾರೋ ನನ್ನ ಹೆಂಡತಿಯನ್ನು ನಳದ ಹತ್ತಿರದಿಂದ ಹಿಡಿದುಕೊಂಡು ಕರೆತಂದರು. ಅವಳಿಗೆ ದಾರಿಯುದ್ದಕ್ಕೂ ಏನಾಗಿದೆ ಎಂದೇ ತಿಳಿಯಲಿಲ್ಲವಂತೆ. ಇಷ್ಟು ಗದ್ದಲ ಕೇಳಿ ನಾನು ಎದ್ದು ಕೂತೆ. ಬಿಲ್ಲೆಗಳು ಮಡಿಲಿಗೆ ಬಿದ್ದವು. ಅಜ್ಜಿ ಎರಡನೆಯ ಸಲ ಕೂಗಿದ್ದು ಮೊದಲನೆಯದಕ್ಕಿಂತ ಜೋರಾಗಿತ್ತು.

ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಹೋದ ಮೇಲೆ ಹೆಂಡತಿ ಎದುರಿಗೆ ಕೂತಳು. "ಗಾಜಿಂದೇನೂ ತಪ್ಪಿಲ್ರಿ," ಎಂದಳು. "ನಿನ್ನೆ ಅಕ್ಕಿ ಹಸನ ಮಾಡಿದ್ರಲ್ಲ, ಕಲ್ಲ ಎಲ್ಲಾ ಹಂಗ ಬಿಟ್ಟು ಅಕ್ಕಿ ಆರಿಸಿ ಒಗದೀರಿ. ಪೇಪರ ಓದೂವಾಗ ಕೈ ಗ್ವಾಡಿಗೆ ಹತ್ತತೈತಿ. ನಿಮಗ ಚಾಳೀಸ ಬೇಕಾಗೈತಿ."

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಹಿಂದಿಯಲ್ಲಿ ಚಾಲೀಸ್ ಎಂದರೆ ನಲವತ್ತು, ಆ ವಯಸ್ಸಿಗೆ ಬರುವುದೆಂದು ಆ ಹೆಸರು. ನನಗೆ ಆ ಹೆಸರೇ ಹಿಡಿಸಲಿಲ್ಲ.

"ನಾ ಏನ ಮುದಕ ಆಗೇನೇನು?" ಎಂದೆ. "ಚಾಳೀಸ ಹಾಕ್ಕೊಂಡು ಬೆಂಕಿ ಮುಂದ ಕುಂತ್ರ ಜನ ನಗತಾರ."

"ಈಗೇನ ಅಳಾಕತ್ತಾರೇನು?" ಎಂದು ಅವಳು ಎದ್ದು ಹೋದಳು. ಅಳುವವರೂ ಇದ್ದರು, ಅಜ್ಜಿ ಇನ್ನೂ ಮೂಲೆಯಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಮಾತ್ರ ಚಾಳೀಸಿಗೆ ಒಪ್ಪಲಿಲ್ಲ. ಕಪ್ಪು ಗಾಜನ್ನೇ ತಿರುಗಿ ಹಾಕಿಕೊಂಡು, ಅಂದಾಜಿನ ಮೇಲೆ ಕೈ ನಡೆಸುತ್ತ ಹೋದೆ. ಹತ್ತಿರ ಹೋದಷ್ಟೂ ಮಸುಕಾಗುತ್ತಿತ್ತು, ಹಾಗಾಗಿ ದೂರದಿಂದ ಮಾಡುವ ಅಭ್ಯಾಸವಾಯಿತು. ಕತ್ತು ಹಿಂದೆ, ಕೈ ಮುಂದೆ. "ನಿನಗೂ ಕಬ್ಬಿಣಕ್ಕೂ ಮಾತು ಬಿಟ್ಟಿದೆಯಾ?" ಎಂದು ಮಾಲೀಕರು ಕೇಳುತ್ತಿದ್ದರು.

ಹೀಗಿರುವಾಗ ವಡಾಲದ ಕೆಲಸ ಬಂತು. ಅಲ್ಲಿ ಮಾಲೀಕರ ಊರ ಕಡೆಯವರೊಬ್ಬರ ಉಡುಪಿ ಹೋಟೆಲ್ ಇತ್ತು. ಅದರ ಯಜಮಾನರು ಅರವತ್ತರ ಹತ್ತಿರದವರು, ಬಿಳಿ ಅಂಗಿ, ಬಿಳಿ ಪಂಚೆ, ಮೂಗಿನ ತುದಿಯಲ್ಲಿ ದಪ್ಪ ಕನ್ನಡಕ. ಅವರಿಗೆ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ಉಗ್ರಾಣದಿಂದ ತುಪ್ಪ ಮತ್ತು ಸಕ್ಕರೆ ತಾವಾಗಿಯೇ ನಡೆದು ಹೋಗುತ್ತಿವೆ ಎಂದು ಅವರ ದೂರು. ಮರದ ಬಾಗಿಲು ತೆಗೆದು ಕಂಬಿಯ ಬಾಗಿಲು ಹಾಕಿಸಬೇಕು, ಒಳಗೇನಿದೆ ಎಂದು ಗಲ್ಲಾದಿಂದ ಎದ್ದು ಬಂದು ಯಾವಾಗ ಬೇಕಾದರೂ ಕಾಣುವಂತಿರಬೇಕು, ಹೊರಗಿನಿಂದ ಭದ್ರ ಚಿಲಕ ಬೇಕು ಎಂದು ಹೇಳಿದರು. ಬಾಗಿಲನ್ನು ಶೆಡ್ಡಿನಲ್ಲೇ ಮಾಡಿ, ವೆಲ್ಡಿಂಗ್ ಸೆಟ್ಟನ್ನೂ ಬಾಗಿಲನ್ನೂ ಟೆಂಪೊದಲ್ಲಿ ಹೇರಿಕೊಂಡು ಮಾಲೀಕರೂ ನಾನೂ ವಡಾಲಕ್ಕೆ ಹೋದೆವು.

ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಕೆಲಸ ಶುರು. ಚೌಕಟ್ಟು ಕೂರಿಸಿದೆವು, ಬಾಗಿಲು ತೂಗುಹಾಕಿದೆವು. ಉಳಿದದ್ದು ಚಿಲಕ ಹೋಗಿ ಕೂರುವ ಕೊಂಡಿ. ಅದನ್ನು ಚೌಕಟ್ಟಿಗೆ ಬೆಸೆಯಬೇಕು. ಚಿಲಕವನ್ನು ಕೊಂಡಿಯೊಳಗೆ ತೂರಿಸಿ, ಬಾಗಿಲು ಮುಚ್ಚಿದ ಸ್ಥಿತಿಯಲ್ಲೇ ಬೆಸೆದರೆ ಅಳತೆ ತಪ್ಪುವುದಿಲ್ಲ. ಎಲ್ಲರೂ ಮಾಡುವುದು ಹಾಗೆಯೇ. ಮಾಲೀಕರು ಇನ್ನೇನು ಮುಗಿಯಿತು ಎಂದು ಮುಂದೆ ಹೋಗಿ ಕಾಫಿಗೆ ಕೂತರು.

"ಒಳಗ ಯಾರರೆ ನಿಂತು ಬಾಗಲಾ ಒತ್ತಿ ಹಿಡೀಬೇಕ್ರಿ, ಸಾವಕಾರ್ರ," ಎಂದೆ.

"ಒಳಗೆ ತುಪ್ಪ ಉಂಟು," ಎಂದರು ಯಜಮಾನರು. "ನಾನೇ ನಿಲ್ಲುದು."

ಅವರು ಒಳಗೆ ಹೋಗಿ, ತುಪ್ಪದ ಡಬ್ಬಿಗಳಿಗೂ ಸಕ್ಕರೆ ಚೀಲಕ್ಕೂ ನಡುವೆ ನಿಂತು, ಮುಖ ಆ ಕಡೆ ತಿರುಗಿಸಿಕೊಂಡು ಬಾಗಿಲನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ನಾನು ಶೀಲ್ಡ್ ಹಿಡಿದು ಬೆಸೆದೆ. ಒಂದೇ ಕಡೆ ಅಲ್ಲ, ಭದ್ರ ಇರಲಿ ಎಂದು ಸುತ್ತಲೂ.

"ಆಯ್ತಾ?"

"ಆತ್ರಿ."

"ಹಾಗಾದ್ರೆ ತೆಗಿ."

ಚಿಲಕ ಎಳೆದೆ. ಬರಲಿಲ್ಲ. "ಬಿಸಿ ಐತ್ರಿ, ಆರಲಿ," ಎಂದೆ. ಆರಿತು. ಎಳೆದೆ. ಬರಲಿಲ್ಲ. ಸುತ್ತಿಗೆಯಿಂದ ತಟ್ಟಿದೆ. ಕತ್ತು ಹಿಂದೆ ಮಾಡಿ, ಮುಂದೆ ಮಾಡಿ ನೋಡಿದೆ. ಆಮೇಲೆ ಬೆರಳಿನಿಂದ ಸವರಿ ನೋಡಿದಾಗ ಗೊತ್ತಾಯಿತು. ಕೊಂಡಿಯನ್ನು ಚೌಕಟ್ಟಿಗೆ ಬೆಸೆಯುವ ಬದಲು ಚಿಲಕವನ್ನು ಕೊಂಡಿಗೆ ಬೆಸೆದಿದ್ದೆ. ಸ್ವಲ್ಪ ಚೌಕಟ್ಟಿಗೂ ತಾಗಿತ್ತು. ಈಗ ಚಿಲಕ, ಕೊಂಡಿ, ಚೌಕಟ್ಟು ಮೂರೂ ಒಂದೇ ಕುಟುಂಬ.

"ಎಂತ ಆಯ್ತು?" ಎಂದರು ಯಜಮಾನರು.

"ಗಟ್ಟಿ ಕುಂತೈತ್ರಿ."

"ಗಟ್ಟಿಯೇ ಅಲ್ವಾ ಬೇಕಾದದ್ದು?"

"ಭಾಳ ಗಟ್ಟಿ ಕುಂತೈತ್ರಿ, ಸಾವಕಾರ್ರ."

ಅವರು ಬಾಗಿಲು ಅಲ್ಲಾಡಿಸಿದರು. ಇನ್ನೊಮ್ಮೆ ಅಲ್ಲಾಡಿಸಿದರು. ರಾಡಿನಿಂದಲೇ ಸುಟ್ಟು ತೆಗೆಯುತ್ತೇನೆ ಎಂದು ನಾನು ಹೋಲ್ಡರ್ ಎತ್ತಿದ್ದೇ ತಡ, "ಬೆಂಕಿ ಬೇಡ! ಗೋಣಿಚೀಲ ಉಂಟು, ತುಪ್ಪ ಉಂಟು, ಒಳಗೆ ನಾನು ಬೋಂಡಾ ಆಗಿಹೋಗ್ತೇನೆ!" ಎಂದು ಕೂಗಿದರು. ಉಳಿದ ದಾರಿ ಕಬ್ಬಿಣ ಕೊಯ್ಯುವ ಗರಗಸ, ಹ್ಯಾಕ್ಸಾ. ಸಂದಿ ಇಕ್ಕಟ್ಟು, ಬ್ಲೇಡು ಸಣ್ಣದು. ಕುಯ್ಯಲು ಕೂತೆ.

ಅಷ್ಟರಲ್ಲಿ ಸಂಜೆಯ ತಿಂಡಿಯ ಹೊತ್ತು ಆರಂಭವಾಯಿತು. ಅಡುಗೆಮನೆಯಿಂದ ಒಬ್ಬೊಬ್ಬರೇ ಬರತೊಡಗಿದರು. ರವೆ ಬೇಕು, ಸಕ್ಕರೆ ಬೇಕು, ಒಣಮೆಣಸು ಬೇಕು. ಯಜಮಾನರು ಒಳಗಿನಿಂದ ಕಂಬಿಗಳ ನಡುವೆ ಕೈ ಚಾಚಿ ಕೊಡತೊಡಗಿದರು. ಕೊಡುವಾಗ ಪ್ರತಿಯೊಬ್ಬನಿಗೂ ಒಂದು ಪ್ರಶ್ನೆ. "ಬೆಳಿಗ್ಗೆ ಕೊಟ್ಟದ್ದು ಎಲ್ಲಿ ಹೋಯ್ತು?" ಅವರ ಮುಖದಲ್ಲಿ ನಿಧಾನವಾಗಿ ಒಂದು ತೃಪ್ತಿ ಮೂಡುವುದನ್ನು ಕಂಡೆ. ಅದು ಮೂಡಿದ ಕೂಡಲೇ ಅವರಿಗೆ ನೆನಪಾಯಿತು, ಗಲ್ಲಾದಲ್ಲಿ ಯಾರೂ ಇಲ್ಲ. ಅವರು ಒದ್ದಾಡಿದ ರೀತಿ ನೋಡಿ ನನಗೇ ಅಯ್ಯೋ ಎನಿಸಿತು. ಕೊನೆಗೆ ಒಬ್ಬ ಸಪ್ಲಾಯರ್ ಗಲ್ಲಾದ ಡ್ರಾಯರನ್ನೇ ಕಿತ್ತು ತಂದು ಉಗ್ರಾಣದ ಎದುರು ಸ್ಟೂಲಿನ ಮೇಲಿಟ್ಟ. ಗಿರಾಕಿಗಳು ತಿಂದು, ಕೈ ತೊಳೆದು, ಹಿಂದಕ್ಕೆ ಬಂದು ಕಂಬಿಯ ಆಚೆ ನಿಂತಿದ್ದ ಯಜಮಾನರಿಗೆ ದುಡ್ಡು ಕೊಟ್ಟು ಹೋಗತೊಡಗಿದರು.

ಅದು ತುರ್ತು ಪರಿಸ್ಥಿತಿಯ ಕಾಲ. ಕಂಬಿಯ ಹಿಂದೆ ಯಾರನ್ನು ಕಂಡರೂ ಜನ ಜೋರಾಗಿ ಏನೂ ಕೇಳುತ್ತಿರಲಿಲ್ಲ. ಕನ್ನಡದ ಗಿರಾಕಿಯೊಬ್ಬರು ಚಿಲ್ಲರೆ ತೆಗೆದುಕೊಳ್ಳುವಾಗ ಆಚೀಚೆ ನೋಡಿ, ಬಗ್ಗಿ, ನನ್ನ ಕಿವಿಯಲ್ಲಿ, "ಇವರದು ಯಾವ ಪಾರ್ಟಿ?" ಎಂದು ಕೇಳಿದರು.

ನಾನು ಕುಯ್ಯುತ್ತಲೇ ಇದ್ದೆ. ಬ್ಲೇಡು ಗೆರೆ ಬಿಟ್ಟು ಜಾರುತ್ತಿತ್ತು. ಯಜಮಾನರು ಒಂದು ಮೊಳ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಬೇರೆ ಕೆಲಸವಿರಲಿಲ್ಲ, ಹೋಗಲು ಬೇರೆ ಜಾಗವೂ ಇರಲಿಲ್ಲ.

"ನಿನ್ನ ಕತ್ತಿಗೆ ಎಂತ ಆಗಿದೆ?" ಎಂದರು. "ಯಾಕೆ ಹಾಗೆ ಹಿಂದೆ ಹಿಂದೆ ಹೋಗ್ತಿ?"

"ರೂಢಿ ಐತ್ರಿ."

"ರೂಢಿ ಅಲ್ಲ ಅದು. ನಾನು ಕೂಡ ಹೀಗೆಯೇ ಮಾಡ್ತಾ ಇದ್ದೆ. ತಗೋ." ಎಂದು ತಮ್ಮ ಮೂಗಿನಿಂದ ಕನ್ನಡಕ ತೆಗೆದು, ಕಂಬಿಗಳ ನಡುವೆ ಕೈ ತೂರಿಸಿ, ನಾನು ಬೇಡ ಎನ್ನುವ ಮೊದಲೇ ನನ್ನ ಮೂಗಿಗೆ ಏರಿಸಿಬಿಟ್ಟರು.

ಆಗ ಕಂಡದ್ದನ್ನು ಹೇಗೆ ಹೇಳಲಿ? ಬ್ಲೇಡಿನ ಹಲ್ಲುಗಳು ಒಂದೊಂದಾಗಿ ಕಂಡವು. ನನ್ನ ಹೆಬ್ಬೆರಳಿನ ಮೇಲೆ ಹಳೆಯ ಸುಟ್ಟ ಗಾಯವೊಂದಿತ್ತು, ಅದರ ಪಕ್ಕದಲ್ಲಿ ನನಗೆ ಗೊತ್ತೇ ಇಲ್ಲದ ಇನ್ನೊಂದಿತ್ತು. ಕಂಬಿಯ ಮೇಲಿನ ತುಕ್ಕಿಗೂ ಬಣ್ಣ ಬಣ್ಣದ ಅಂಚುಗಳಿದ್ದವು. ಮತ್ತು ಬೆಸುಗೆ. ನನ್ನ ಬೆಸುಗೆಯನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ಒಂದರ ಮೇಲೊಂದು ಅಲೆ ಬಿದ್ದಂತೆ, ಒಂದೇ ಅಗಲ, ಒಂದೇ ಎತ್ತರ. ಬಹಳ ಒಳ್ಳೆಯ ಬೆಸುಗೆ ಅದು. ಆ ಬಾಗಿಲಿನಲ್ಲಿ ಎಲ್ಲಿ ಇರಬಾರದೋ ಸರಿಯಾಗಿ ಅಲ್ಲಿ ಕೂತಿತ್ತು.

"ಕಾಣ್ತದಾ?"

"ಎಲ್ಲಾ ಕಾಣತೈತ್ರಿ!" ಎಂದೆ.

ಕೈ ಚುರುಕಾಯಿತು. ಬ್ಲೇಡು ಗೆರೆ ಬಿಟ್ಟು ಅಲುಗಲಿಲ್ಲ. ಆದರೆ ಈಗ ಕನ್ನಡಕ ನನ್ನ ಮೂಗಿನ ಮೇಲಿತ್ತು, ಕತ್ತಲೆಯ ಉಗ್ರಾಣದಲ್ಲಿ ಯಜಮಾನರು ಬರಿಗಣ್ಣಿನಲ್ಲಿದ್ದರು. ಕಾಫಿ ಮಾಡುವವನು ಅವಸರದಲ್ಲಿ ಬಂದು ಪಾತ್ರೆ ಚಾಚಿ ಸಕ್ಕರೆ ಕೇಳಿದ. ಅವರು ತಡವುತ್ತ ಹೋಗಿ ಒಂದು ಚೀಲದಿಂದ ಮೊಗೆದು ಕೊಟ್ಟರು. ಸಕ್ಕರೆ ಚೀಲದ ಪಕ್ಕದಲ್ಲೇ ಪುಡಿ ಉಪ್ಪಿನ ಚೀಲವಿತ್ತು.

ಗಿರಾಕಿಗಳು ಕೂತಿದ್ದ ಕಡೆಯಿಂದ ಮೊದಲು ಒಂದು ಕೆಮ್ಮು ಕೇಳಿಸಿತು, ಆಮೇಲೆ ನಾಲ್ಕಾರು ಧ್ವನಿಗಳು, ಆಮೇಲೆ ಕುರ್ಚಿಗಳು ಸರಿಯುವ ಸದ್ದು. ಎಲ್ಲರಿಗಿಂತ ಮುಂದೆ ಲೋಟ ಹಿಡಿದುಕೊಂಡು ನುಗ್ಗಿ ಬಂದವರು ನಮ್ಮ ಮಾಲೀಕರು. ಅಷ್ಟು ಹೊತ್ತೂ ಪೇಪರಿನಲ್ಲಿ ಮುಖ ಹುದುಗಿಸಿಕೊಂಡಿದ್ದು, ಎರಡನೆಯ ಕಾಫಿ ಕುಡಿಯುತ್ತಿದ್ದರಂತೆ. "ಕಾಫಿಗೆ ಎಂತ ಹಾಕಿದ್ದು ಇವರು..." ಎನ್ನುತ್ತ ಬಂದವರು ಅಲ್ಲೇ ನಿಂತರು. ಯಜಮಾನರು ಕಂಬಿಯ ಆಚೆ, ಎದುರಿಗೆ ಗಲ್ಲಾದ ಡ್ರಾಯರು, ನೆಲದ ಮೇಲೆ ನಾನು, ನನ್ನ ಮುಖದ ಮೇಲೆ ಯಜಮಾನರ ಕನ್ನಡಕ.

"ಇದೆಂತ ನಾಟಕ ಮಾರಾಯ?" ಎಂದರು ಕೊನೆಗೆ.

"ಚಾಳೀಸ ಬೇಕಾಗಿತ್ರಿ ನನಗ," ಎಂದೆ. ಅಷ್ಟು ಕಾಲ ಹೆಂಡತಿಯ ಎದುರು ಒಪ್ಪದಿದ್ದದ್ದು ಅಲ್ಲಿ ಬಾಯಿಂದ ತಾನಾಗಿಯೇ ಬಂತು.

ಆಮೇಲೆ ಒಂದು ವ್ಯವಸ್ಥೆ ಮಾಡಿಕೊಂಡೆವು. ಯಾರಾದರೂ ಸಾಮಾನು ಕೇಳಲು ಬಂದರೆ ನಾನು ಕುಯ್ಯುವುದು ನಿಲ್ಲಿಸಿ ಕನ್ನಡಕ ಒಳಗೆ ಕೊಡುವುದು, ಅವರು ಹೋದ ಮೇಲೆ ಯಜಮಾನರು ಅದನ್ನು ಹೊರಗೆ ಕೊಡುವುದು. ಹೀಗೆ ಕನ್ನಡಕ ಒಳಗೆ ಹೊರಗೆ ಓಡಾಡುತ್ತ ಕೆಲಸ ಮುಗಿಯುವ ಹೊತ್ತಿಗೆ ಇಬ್ಬರಿಗೂ ಒಂದು ಬಗೆಯ ಸ್ನೇಹವಾಗಿತ್ತು. ಬಾಗಿಲು ತೆರೆದಾಗ ಯಜಮಾನರು ಹೊರಗೆ ಬರಲು ಅವಸರ ಮಾಡಲಿಲ್ಲ. ಒಮ್ಮೆ ಸುತ್ತ ನೋಡಿ, "ಇವತ್ತು ಸಕ್ಕರೆ ದಿನಾ ಹೋಗುದರ ಅರ್ಧ ಕೂಡ ಹೋಗ್ಲಿಲ್ಲ," ಎಂದರು. ಮುಂದೆ ಅವರು ಉಗ್ರಾಣದೊಳಗೆ ಒಂದು ಕುರ್ಚಿ ಹಾಕಿಸಿಕೊಂಡು ದಿನಾ ಮಧ್ಯಾಹ್ನ ಅಲ್ಲೇ ಕೂರತೊಡಗಿದರೆಂದು ಮಾಲೀಕರಿಂದ ಕೇಳಿದೆ. ಬಾಗಿಲು ಮಾತ್ರ ತೆರೆದೇ ಇಡುತ್ತಿದ್ದರಂತೆ.

ಮಾಲೀಕರು ಟೆಂಪೊದಲ್ಲಿ ತಿರುಗಿ ಬರುವಾಗ ಒಂದೇ ಮಾತು ಹೇಳಿದರು. "ನಾಳೆ ಬರುದಾದ್ರೆ ಕನ್ನಡಕ ಹಾಕಿ ಬಾ. ಇಲ್ಲದಿದ್ರೆ ಬರುದೇ ಬೇಡ."

ಪರೇಲಿನ ಕನ್ನಡಕದ ಅಂಗಡಿಗೆ ಹೆಂಡತಿಯೇ ಕರೆದುಕೊಂಡು ಹೋದಳು. ನಾನು ದಾರಿಯಲ್ಲಿ ಮನಸ್ಸು ಬದಲಿಸದಿರಲಿ ಎಂದು ಶೀಲ್ಡನ್ನು ಅವಳೇ ಹೊತ್ತುಕೊಂಡಿದ್ದಳು. ಅಂಗಡಿಯ ಮುದುಕ ಗೋಡೆಯ ಮೇಲಿನ ಅಕ್ಷರ ಓದು ಎಂದ. ಅಲ್ಲಿ ಇಂಗ್ಲಿಷ್ ಇತ್ತು, ಗುಜರಾತಿ ಇತ್ತು, ಮರಾಠಿ ಇತ್ತು. ಕನ್ನಡ ಇರಲಿಲ್ಲ. ಊರಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವನು ನಾನು, ಅಲ್ಲಿ ಬಾಯಿ ಮುಚ್ಚಿ ನಿಂತೆ. ದೊಡ್ಡ ಅಕ್ಷರವೂ ಕಾಣುತ್ತಿಲ್ಲ ಎಂದು ತಿಳಿದು ಮುದುಕ ಗಾಬರಿಯಾದ. ಅವನು ತೋರಿಸಿದ ಅಕ್ಷರಗಳೆಲ್ಲ ಕಾಣುತ್ತವೆ, ಏನೆಂದು ಗೊತ್ತಿಲ್ಲ ಎಂದು ಹೆಂಡತಿ ತನ್ನ ಹಿಂದಿಯಲ್ಲಿ ಬಿಡಿಸಿ ಹೇಳಿದಳು.

"ಕಾಮ್ ಕ್ಯಾ ಕರ್ತೇ ಹೋ?" ಎಂದ ಮುದುಕ. ವೆಲ್ಡಿಂಗ್ ಎಂದೆ. ಎಷ್ಟು ದೂರದಿಂದ ನೋಡುತ್ತೀಯ ಎಂದ. ಅಂಗಡಿಯ ನಡುವೆ ಕುಕ್ಕರಗಾಲಿನಲ್ಲಿ ಕೂತು, ಎಡಗೈಯಲ್ಲಿ ಶೀಲ್ಡ್ ಮುಖಕ್ಕೆ ಹಿಡಿದು, ಬಲಗೈಯಲ್ಲಿ ಇಲ್ಲದ ರಾಡ್ ಹಿಡಿದು ತೋರಿಸಿದೆ. ಮುದುಕ ಟೇಪು ತಂದು ನನ್ನ ಪಕ್ಕದಲ್ಲಿ ಮೊಣಕಾಲೂರಿ, ನನ್ನ ಮೂಗಿನಿಂದ ನೆಲದವರೆಗೆ ಅಳೆದ. ಬಾಗಿಲಲ್ಲಿ ಆಗಲೇ ಜನ ಕೂಡಿದ್ದರು. ಪುಸ್ತಕ ಓದುವ ದೂರವೇ ಬೇರೆ, ನಿನ್ನ ಬೆಂಕಿಯ ದೂರವೇ ಬೇರೆ, ನಿನಗೆ ಬೆಂಕಿಯ ಕನ್ನಡಕ ಕೊಡುತ್ತೇನೆ ಎಂದ. ಆಮೇಲೆ ಶೀಲ್ಡನ್ನು ಕೈಗೆತ್ತಿಕೊಂಡು ಕಪ್ಪು ಗಾಜಿನ ಮುಂದಿನ ಬಿಳಿ ಗಾಜನ್ನು ಬೆರಳಿನಿಂದ ಒರೆಸಿದ. ಕಿಡಿ ಸಿಡಿದರೆ ಕಪ್ಪು ಗಾಜಿಗೆ ಪೆಟ್ಟಾಗದಿರಲಿ ಎಂದು ಹಾಕುವ ಸಾದಾ ಗಾಜು ಅದು. ಬೆರಳು ಕರ್ರಗಾಯಿತು. ಇದರ ಒಳಗಿನಿಂದ ದೇವರಿಗೂ ಏನೂ ಕಾಣುವುದಿಲ್ಲ ಎಂದು ಹೇಳಿ, ಶೀಲ್ಡನ್ನು ನನಗೆ ಕೊಡದೆ ನನ್ನ ಹೆಂಡತಿಯ ಕೈಗೆ ಕೊಟ್ಟ.

ಕನ್ನಡಕ ಬಂತು. ಅದು ಮೊಳದ ದೂರಕ್ಕೆ ಮಾತ್ರ. ಅದಕ್ಕಿಂತ ಆಚೆ ಎಲ್ಲ ಮಸುಕು. ಆದರೆ ಹೊಸ ವಸ್ತು, ತೆಗೆದಿಡಲು ಮನಸ್ಸಾಗದೆ ಮನೆಯಿಂದಲೇ ಹಾಕಿಕೊಂಡು ಹೊರಟೆ. ಮೆಟ್ಟಿಲು ಎಲ್ಲಿದೆ ಎಂದು ತಿಳಿಯದೆ ಕಾಲು ಎತ್ತೆತ್ತಿ ಇಡುತ್ತಿದ್ದೆ. ಎದುರು ಬಂದವರ ಮುಖ ಗೊತ್ತಾಗದೆ ಯಾರನ್ನೂ ಮಾತಾಡಿಸಲಿಲ್ಲ. ಇದರ ಪರಿಣಾಮ ನಾನು ಎಣಿಸದ ಕಡೆಗೆ ಹೋಯಿತು. ಚಾಳಿನವರಿಗೆ ನಾನು ಗಂಭೀರ ಮನುಷ್ಯನಾಗಿ ಕಾಣತೊಡಗಿದೆ. ಲೋಕಲ್‌ನಲ್ಲಿ ಒಬ್ಬ ಹುಡುಗ ಎದ್ದು, "ಬಸಾ ಮಾಸ್ತರ್," ಎಂದು ಜಾಗ ಬಿಟ್ಟುಕೊಟ್ಟ. ನಳದ ಹತ್ತಿರ ಕೊಡಗಳ ಸಾಲಿನ ವಿಷಯಕ್ಕೆ ಇಬ್ಬರು ಹೆಂಗಸರು ಜಗಳವಾಡಿದಾಗ ನ್ಯಾಯ ಹೇಳಲು ನನ್ನನ್ನು ಕರೆದರು. ನನಗೆ ಯಾರ ಕೊಡ ಯಾವುದೆಂದೇ ಕಾಣುತ್ತಿರಲಿಲ್ಲ. ಸುಮ್ಮನೆ ಎರಡೂ ಕಡೆ ತಿರುಗಿ ನೋಡಿ, ಒಳಗೆ ಹೋದೆ. ಮಾಸ್ತರರಿಗೆ ಬೇಸರವಾಯಿತು ಎಂದು ಇಬ್ಬರೂ ನಾಚಿಕೊಂಡು ಸುಮ್ಮನಾದರಂತೆ. ಆ ವರ್ಷ ಚಾಳಿನ ಗಣಪತಿಗೆ ನನ್ನನ್ನು ವೇದಿಕೆಯ ಮೇಲೆ ಕೂರಿಸಿದರು. ಹತ್ತುವಾಗ ಎಡವಿದೆ. ಅದನ್ನೂ ನಮಸ್ಕಾರ ಎಂದುಕೊಂಡು ಜನ ಕೈ ಮುಗಿದರು.

ಶೆಡ್ಡಿನಲ್ಲಿ ಆದದ್ದು ಇದಕ್ಕಿಂತ ಸರಳ. ಶೀಲ್ಡಿನ ಒಳಗೆ ಬೆವರಿಗೆ ಕನ್ನಡಕ ಮಂಜಾಗುತ್ತಿತ್ತು, ಬಗ್ಗಿದರೆ ಜಾರುತ್ತಿತ್ತು. ಹೆಂಡತಿ ಲಂಗದ ಲಾಡಿಯೊಂದನ್ನು ಕತ್ತರಿಸಿ ಎರಡೂ ಕಡ್ಡಿಗೆ ಕಟ್ಟಿ ತಲೆಯ ಹಿಂದೆ ಗಂಟು ಹಾಕಿಕೊಟ್ಟಳು. ಮಾಲೀಕರು ಆ ಲಾಡಿ ನೋಡಿ ಒಂದು ವಾರ ನಕ್ಕರು. ಆದರೆ ಹೊಸ ಬಿಳಿ ಗಾಜು, ಮೊದಲಿನದೇ ಕಪ್ಪು ಗಾಜು, ಅದರ ಹಿಂದೆ ಕನ್ನಡಕ, ಇವೆಲ್ಲ ಸರಿಯಾಗಿ ಕೂತ ಆ ಮೊದಲ ಬೆಳಿಗ್ಗೆ ರಾಡ್ ಹೊತ್ತಿಸಿದಾಗ ನಾನು ಮೊದಲು ಹುಡುಕಿದ್ದು ಗೆರೆಯನ್ನು. ಗೆರೆ ಇತ್ತು. ಅದು ಎಲ್ಲಿಗೂ ಹೋಗಿರಲಿಲ್ಲ. ಅದರ ಎರಡೂ ದಡ ಕರಗಿ ಒಂದಕ್ಕೊಂದು ಸೇರುವುದು, ಹಿಂದೆ ಕೆಂಪಗೆ ಆರುತ್ತ ಬರುವುದು, ಮೇಲಿನ ಚಿಪ್ಪು ಕೆನೆಯಂತೆ ತೇಲಿ ಪಕ್ಕಕ್ಕೆ ಸರಿಯುವುದು, ಎಲ್ಲ ಕಂಡಿತು. ಒಂದು ಕಿಟಕಿಯ ಗ್ರಿಲ್ಲಿಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಬೆಸೆದುಬಿಟ್ಟೆ, ಬಿಡಲು ಮನಸ್ಸಾಗದೆ.

ಅದನ್ನು ಮನೆಗೆ ಬಂದು ಎಷ್ಟು ಸಲ ಹೇಳಿದೆನೋ, ಒಂದು ದಿನ ಹೆಂಡತಿ, "ಅಂಥಾದ್ದು ಏನೈತಿ ಅದರಾಗ, ನಾನೂ ನೋಡತೀನಿ," ಎಂದು ಬುತ್ತಿ ಕಟ್ಟಿಕೊಂಡು ನನ್ನ ಜೊತೆ ಜೋಗೇಶ್ವರಿಗೆ ಬಂದಳು. ಮಾಲೀಕರು ಅವಳಿಗಾಗಿ ಕುರ್ಚಿ ಒರೆಸಿ, ಚಹಾ ತರಿಸಿ, ಇನ್ನೊಂದು ಶೀಲ್ಡ್ ಕೊಟ್ಟರು. ತೆಗೆಯಬಾರದು, ಮುಖಕ್ಕೆ ಹಿಡಿದೇ ಇರಬೇಕು ಎಂದು ನಾನು ಸಾವಿರ ಸಲ ಹೇಳಿ ರಾಡ್ ಹೊತ್ತಿಸಿದೆ. ಒಂದು ಗೇಣು ಬೆಸೆದು ನಿಲ್ಲಿಸಿದೆ. ಅವಳು ಶೀಲ್ಡ್ ಇಳಿಸಿ ಬೆಸುಗೆಯ ಕಡೆಗೆ ಬಗ್ಗಿ ನೋಡಿದಳು.

"ಅಯ್ಯ, ಇದು ಉಂಡಿ ಪಾಕ ಐತಲ್ರಿ!" ಎಂದಳು. "ಬೆಲ್ಲ ಕರಗಿ ಪಾಕ ಬರೂವಾಗ ಹಿಂಗ ಗುಳಗುಳ ಅಂತೈತಿ. ಇಷ್ಟ ದಿನ ನೀವು ಇಲ್ಲಿ ಪಾಕ ನೋಡಕೋತ ಕುಂತೀರೇನು?"

ಮಾಲೀಕರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ಹೋಲಿಕೆ ಸರಿಯಾಗಿಯೇ ಇತ್ತು. ಆದರೆ ಅವಳು ಅದನ್ನು ತಮಾಷೆಗೆ ಹೇಳಿರಲಿಲ್ಲ. ಆ ದೀಪಾವಳಿಗೆ ಶೇಂಗಾ ಉಂಡಿಯ ಪಾತ್ರೆ, ಬೆಲ್ಲ, ಸೌಟು ಎಲ್ಲ ನನ್ನ ಮುಂದೆ ತಂದಿಟ್ಟು, "ದಿನಾ ಮಾಡೂ ಕೆಲಸ, ಮಾಡ್ರಿ," ಎಂದು ತಾನು ಗ್ಯಾಲರಿಗೆ ಹೋಗಿ ಗೆಳತಿಯರ ಜೊತೆ ಮಾತಿಗೆ ಕೂತಳು. ನಾನು ಕನ್ನಡಕ ಹಾಕಿಕೊಂಡು, ಲಾಡಿ ಕಟ್ಟಿಕೊಂಡು, ಪಾಕವನ್ನು ಮೊಳದ ದೂರದಿಂದ ಎಚ್ಚರಿಕೆಯಿಂದ ನೋಡಿದೆ. ಗುಳಗುಳ ಎಂದಿತು, ದಡ ಸೇರಿತು, ಕೆನೆ ತೇಲಿತು. ಬೆಸುಗೆಯ ಅಂದಾಜಿನಲ್ಲಿ ಇನ್ನೂ ಸ್ವಲ್ಪ ಇರಲಿ ಎಂದು ಬಿಟ್ಟೆ.

ಉಂಡಿಗಳು ನೋಡಲು ಬಹಳ ಚೆನ್ನಾಗಿ ಬಂದಿದ್ದವು. ಮಾಲೀಕರಿಗೆ ಒಂದು ಡಬ್ಬಿ ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಒಂದನ್ನು ಬಾಯಿಗಿಟ್ಟು ಕಚ್ಚಿದರು, ಇನ್ನೊಂದು ದವಡೆಗೆ ಹಾಕಿ ಕಚ್ಚಿದರು, ತೆಗೆದು ಕೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಚಿಪ್ಪು ಕುಟ್ಟಿ ತೆಗೀಲಿಕ್ಕೆ ಉಂಟಾ ಇದಕ್ಕೆ?" ಎಂದು ಕೇಳಿದರು.